ಹಳದಿ ಬಣ್ಣದ ವಾರಗಳು

ಪ್ರತಿ ಗುರುವಾರ ಮಧ್ಯಾಹ್ನ ಊಟ ಮುಗಿಸಿದ ಮೇಲೆ ನಾನು ಒಂದು ಕೋಷ್ಟಕಕ್ಕೆ ಬಣ್ಣ ತುಂಬುತ್ತೇನೆ. ಪ್ರಾಜೆಕ್ಟಿನ ಒಂದೊಂದು ಭಾಗಕ್ಕೆ ಒಂದೊಂದು ಸಾಲು. ಹೇಳಿದ ದಿನಕ್ಕೆ ಕೆಲಸ ಮುಗಿಯುವಂತಿದ್ದರೆ ಹಸಿರು, ಮುಗಿಯುವುದಿಲ್ಲವೆಂದಾದರೆ ಕೆಂಪು, ಏನನ್ನೂ ಖಚಿತವಾಗಿ ಹೇಳಲಾಗದಿದ್ದರೆ ಹಳದಿ. ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿ ದುಡಿದವರಿಗೆ ಈ ಸ್ಟೇಟಸ್ ರಿಪೋರ್ಟನ್ನು ವಿವರಿಸಬೇಕಾಗಿಲ್ಲ. ಇದರಲ್ಲಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವುದು ಆ ಹಳದಿ. ಎಲ್ಲವೂ ಹಸಿರಾಗಿರುವ ವಾರ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ. ವಿಚಿತ್ರವೆಂದರೆ ಕೆಂಪು ಬಂದ ವಾರವೂ ನಿದ್ದೆ ಬರುತ್ತದೆ. ಅಷ್ಟು ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತದೆ, ಎಲ್ಲರಿಗೂ ಗೊತ್ತಾಗಿರುತ್ತದೆ, ಅನ್ನಿಸಿಕೊಳ್ಳಬೇಕಾದ್ದನ್ನು ಅನ್ನಿಸಿಕೊಂಡಾಗಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಫ್ಯಾನಿನ ಸದ್ದು ಕೇಳಿಸಿಕೊಂಡು ಮಲಗುವುದು ಹಳದಿಯ ವಾರಗಳಲ್ಲಿ.

ಈ ಕೆಲಸದ ಒತ್ತಡವೆಂದರೆ ಗಡುವಿನ ಒತ್ತಡವೆಂದು ಹೊರಗಿನವರು ತಿಳಿಯುತ್ತಾರೆ. ಗಡುವು ಯಾರಿಗಿಲ್ಲ? ಕೋಡ್ ಬರೆಯುವವನಿಗೂ ಇದೆ, ಪರೀಕ್ಷಿಸುವವಳಿಗೂ ಇದೆ, ಹಾಸನದ ಕಟ್ಟಿನಕೆರೆ ಮಾರುಕಟ್ಟೆಗೆ ಬೆಳಗಾಗುವಷ್ಟರಲ್ಲಿ ಸೊಪ್ಪು ತರಬೇಕಾದವರಿಗೂ ಇದೆ. ಗಡುವು ತಪ್ಪಲಿದೆಯೆಂದು ತನಗೆ ತಿಳಿದ ದಿನಕ್ಕೂ ಅದನ್ನು ಬಾಯಿಬಿಟ್ಟು ಹೇಳಬಹುದಾದ ದಿನಕ್ಕೂ ನಡುವೆ ಒಂದು ಅಂತರವಿರುತ್ತದೆ. ಆ ಅಂತರದಲ್ಲಿ ವಾಸಿಸುವುದೇ ಮ್ಯಾನೇಜರನ ಪಾಲಿಗೆ ಬಂದ ಪ್ರತ್ಯೇಕ ಕಷ್ಟ. ಇದನ್ನು ನಾನು ದೂರೆಂದು ಬರೆಯುತ್ತಿಲ್ಲ. ಬಿಸಿಲಲ್ಲಿ ದುಡಿಯುವವರನ್ನು ದಿನವೂ ನೋಡುವ ಊರಿನಲ್ಲಿ ಕುಳಿತು, ಒಳ್ಳೆಯ ಸಂಬಳ ಪಡೆದು, ನನ್ನದು ಬಹಳ ಕಷ್ಟದ ಬದುಕೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಒತ್ತಡ ಇರುವುದು ನಿಜವಾದ್ದರಿಂದ ಅದು ಎಲ್ಲಿಂದ ಬರುತ್ತದೆಂದು ಯೋಚಿಸುವುದರಲ್ಲಿ ತಪ್ಪೇನೂ ಇಲ್ಲವೆಂದುಕೊಂಡಿದ್ದೇನೆ.

ಎರಡು ನಿಮಿಷದ ಮಾತು

ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿದ್ದ ದಿನಗಳು ಅವು. ಊರಿಗೆ ಊರೇ ಸರದಿಯ ಸಾಲಿನಲ್ಲಿ ನಿಂತಿತ್ತು; ಜನಸಂದಣಿ ತಪ್ಪಿಸಿಕೊಳ್ಳಲು ನಾನು ಮಹಾರಾಜ ಪಾರ್ಕಿನಲ್ಲಿ ಸಂಜೆಯ ನಡಿಗೆಗೆ ಹೋಗಿದ್ದೆ. ತಂಡದ ಹುಡುಗನೊಬ್ಬ ಫೋನ್ ಮಾಡಿದ. "ಮೇಡಂ, ಎರಡು ನಿಮಿಷ ಮಾತಾಡ್ಬೇಕಿತ್ತು, ಫ್ರೀ ಇದ್ದೀರಾ?" ಈ ವಾಕ್ಯ ಕೇಳಿದ ಕೂಡಲೇ ಮುಂದಿನದ್ದನ್ನು ಊಹಿಸದ ಮ್ಯಾನೇಜರ್ ಇರಲಾರರು. ರಜೆ ಬೇಕಾದವರು ಮೆಸೇಜ್ ಹಾಕುತ್ತಾರೆ, ಜಗಳ ಮಾಡಬೇಕಾದವರು ಮೀಟಿಂಗಿನಲ್ಲೇ ಮಾಡುತ್ತಾರೆ. ಎರಡು ನಿಮಿಷ ಕೇಳುವವರು ಕೆಲಸ ಬಿಡುವವರು. ಅವನಿಗೆ ಬೇರೆ ಕಡೆ ಒಳ್ಳೆಯ ಆಫರ್ ಬಂದಿತ್ತು. ತಂಗಿಯ ಮದುವೆ ಗೊತ್ತಾಗಿತ್ತು, ಅರಸೀಕೆರೆಯಲ್ಲಿ ಅರ್ಧ ಕಟ್ಟಿದ ಮನೆಯ ಸಾಲವಿತ್ತು. "ಒಳ್ಳೇದಾಗ್ಲಿ ಕಣಪ್ಪ" ಎಂದೆ, ಮನಃಪೂರ್ವಕವಾಗಿಯೇ ಅಂದೆ. ಆದರೆ ಅದೇ ಉಸಿರಿನಲ್ಲಿ ತಲೆಯ ಇನ್ನೊಂದು ಮೂಲೆ ಲೆಕ್ಕ ಹಾಕತೊಡಗಿತ್ತು: ತೊಂಬತ್ತು ದಿನಗಳ ನೋಟಿಸ್, ಅದರಲ್ಲಿ ಅವನ ಬಾಕಿ ರಜೆ ಎಷ್ಟು, ಹಣ ಪಾವತಿಯ ಲೆಕ್ಕ ಹೊಂದಿಸುವ ಭಾಗವನ್ನು ಅವನ ಹೊರತು ಬೇರೆ ಯಾರೂ ಪೂರ್ತಿಯಾಗಿ ಬಲ್ಲವರಿಲ್ಲ, ಮತ್ತು ಗ್ರಾಹಕರಿಗೆ ಸಾಫ್ಟ್‌ವೇರ್ ಒಪ್ಪಿಸಬೇಕಾದ ಜನವರಿಯ ರಿಲೀಸ್.

ಎಚ್‌ಆರ್ ವಿಭಾಗದಿಂದ ಬಂದ ಸೂಚನೆ ಸ್ಪಷ್ಟವಾಗಿತ್ತು. ಅವನ ಜಾಗಕ್ಕೆ ಇನ್ನೊಬ್ಬರು ಸಿಗುವವರೆಗೆ ಗ್ರಾಹಕರಿಗೆ ಸುದ್ದಿ ಮುಟ್ಟಿಸಬಾರದು. ಅದರ ಹಿಂದಿನ ತರ್ಕ ನನಗೆ ಅರ್ಥವಾಗದ್ದೇನಲ್ಲ. ಎಷ್ಟೋ ಸಲ ಹೊರಟವರು ಮನಸ್ಸು ಬದಲಿಸಿ ಉಳಿಯುತ್ತಾರೆ, ಸುಮ್ಮನೆ ಗಾಬರಿ ಹುಟ್ಟಿಸಿ ಪ್ರಯೋಜನವಿಲ್ಲ. ಆದರೆ ಆ ವಾರದ ರಾತ್ರಿಯ ಕಾಲ್‌ನಲ್ಲಿ ನಾವಿಬ್ಬರೂ ಇದ್ದೆವು. ಅಮೆರಿಕದ ಗ್ರಾಹಕರ ಕಡೆಯ ಮ್ಯಾನೇಜರ್ ಬಹಳ ಸಹಜವಾಗಿ, ಜನವರಿಯ ನಂತರ ಈ ಭಾಗದ ದುರಸ್ತಿ, ನಿರ್ವಹಣೆಯನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿದರು. ಕ್ಯಾಮೆರಾ ಆರಿಸಿದ ಎರಡು ಚೌಕಗಳ ಹಿಂದೆ ಇಬ್ಬರೂ ಸುಮ್ಮನಾದೆವು. ಅವನು ಉತ್ತರಿಸಬೇಕಾಗಿ ಬಂದರೆ ಸುಳ್ಳು ಹೇಳಬೇಕಾಗುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ನಾನೇ ಬಾಯಿ ಹಾಕಿ, ಮುಂದಿನ ಹಂತಕ್ಕೆ ತಂಡದ ರಚನೆಯನ್ನು ಸಿದ್ಧಪಡಿಸುತ್ತಿದ್ದೇವೆ, ಇನ್ನೆರಡು ವಾರದಲ್ಲಿ ನಿಮ್ಮ ಮುಂದಿಡುತ್ತೇವೆ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರವೂ ಆಗಿರಲಿಲ್ಲ. ಅವರು ಸರಿ ಎಂದರು. ಆ ಗುರುವಾರ ಆ ಸಾಲು ಹಳದಿಯಾಯಿತು. ಬದಿಯಲ್ಲಿ ಕಾರಣ ಬರೆಯುವ ಖಾನೆಯಿದೆ. ಅದರಲ್ಲಿ ಏನು ಬರೆಯಬೇಕೆಂದು ಯೋಚಿಸಿದಷ್ಟು ಹೊತ್ತು ನಾನು ಆ ವಾರ ಬೇರೆ ಯಾವುದನ್ನೂ ಯೋಚಿಸಲಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ವಾದವೊಂದು ಇಂಥ ದಿನಗಳಲ್ಲಿ ನೆನಪಾಗುತ್ತದೆ. ಅಮೆರಿಕ ಮತ್ತು ಸ್ವೀಡನ್ನಿನ ಉದ್ಯೋಗಿಗಳ ಸಮೀಕ್ಷೆಗಳನ್ನು ಪರಿಶೀಲಿಸಿ ಅವರು ಹೇಳಿದ್ದು ಇಷ್ಟು: ಕೆಲಸ ಹೆಚ್ಚಾಗಿದೆಯೆಂಬುದೊಂದೇ ಮನುಷ್ಯನನ್ನು ಕುಗ್ಗಿಸುವುದಿಲ್ಲ, ಕೆಲಸದ ಬೇಡಿಕೆ ಹೆಚ್ಚಿದ್ದು, ಅದನ್ನು ಹೇಗೆ, ಯಾವಾಗ ಮಾಡಬೇಕೆಂದು ತೀರ್ಮಾನಿಸುವ ಅಧಿಕಾರ ಕಡಿಮೆಯಿದ್ದಾಗ ಒತ್ತಡ ಅತಿ ಹೆಚ್ಚಾಗುತ್ತದೆ. ಮೇಲ್ನೋಟಕ್ಕೆ ಪ್ರಾಜೆಕ್ಟ್ ಮ್ಯಾನೇಜರ್ ಅಧಿಕಾರವುಳ್ಳವನಂತೆ ಕಾಣುತ್ತಾನೆ. ಯೋಜನೆಯ ನಕ್ಷೆ, ಮೀಟಿಂಗುಗಳ ವೇಳಾಪಟ್ಟಿ, ಯಾರು ಏನು ಮಾಡಬೇಕೆಂಬ ಪಟ್ಟಿ ಎಲ್ಲವೂ ಅವನ ಕೈಯಲ್ಲಿರುತ್ತದೆ. ಆದರೆ ಸಂಬಳ ಏರಿಸಿ ಒಬ್ಬನನ್ನು ಉಳಿಸಿಕೊಳ್ಳುವ ಅಧಿಕಾರ ನನಗಿಲ್ಲ, ಮಾರಾಟ ವಿಭಾಗದವರು ಮೊದಲೇ ಒಪ್ಪಿ ಬಂದ ತಾರೀಖನ್ನು ಬದಲಿಸುವ ಅಧಿಕಾರವಿಲ್ಲ, ಗ್ರಾಹಕರು ನಡುವೆ ಸೇರಿಸುವ ಹೊಸ ಬೇಡಿಕೆಯನ್ನು ಬೇಡವೆನ್ನುವ ಅಧಿಕಾರವಂತೂ ಇಲ್ಲವೇ ಇಲ್ಲ. ನನ್ನ ಕೈಯಲ್ಲಿರುವುದು ತೀರ್ಮಾನಗಳ ದಾಖಲೆ ಮಾತ್ರ.

ಕೆಂಪಿಗೆ ತೆರಬೇಕಾದ ಬೆಲೆ

ಹಾಗಾದರೆ ಮೊದಲೇ ಕೆಂಪು ಹಾಕಿಬಿಡಬಾರದೇ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಗೆ ಪುಸ್ತಕದ ಉತ್ತರ ಒಂದು, ಕಚೇರಿಯ ಉತ್ತರ ಇನ್ನೊಂದು. ತೊಂದರೆಯನ್ನು ಬೇಗ ಹೇಳಿದಷ್ಟೂ ಒಳ್ಳೆಯದೆಂದು ಎಲ್ಲ ತರಬೇತಿಗಳಲ್ಲೂ ಹೇಳಿಕೊಡುತ್ತಾರೆ. ಆದರೆ ಒಂದು ಸಾಲು ಕೆಂಪಾದ ಮರುದಿನದಿಂದ ಏನಾಗುತ್ತದೆಂದು ನೋಡಿ. ವಾರಕ್ಕೊಮ್ಮೆ ಇದ್ದ ಮೀಟಿಂಗ್ ದಿನಕ್ಕೊಮ್ಮೆ ಆಗುತ್ತದೆ. ಅದುವರೆಗೆ ಪ್ರಾಜೆಕ್ಟಿನ ಹೆಸರನ್ನೂ ಕೇಳದ ಹಿರಿಯರು ಬಂದು ಕೂರುತ್ತಾರೆ. ಅವರಿಗೆ ಮೊದಲಿನಿಂದ ಎಲ್ಲವನ್ನೂ ವಿವರಿಸಬೇಕು. ಆ ವಿವರಣೆಗೆ ಬೇಕಾದ ಸ್ಲೈಡುಗಳನ್ನು ಮಾಡಬೇಕಾದವರು, ಯಾರ ಕೆಲಸ ಹಿಂದೆ ಬಿದ್ದಿದೆಯೋ ಅವರೇ. ತಡವಾದ ಕೆಲಸಕ್ಕೆ ಸಿಗುವ ಶಿಕ್ಷೆ ಅದನ್ನು ಇನ್ನಷ್ಟು ತಡ ಮಾಡುವಂಥದ್ದು. ಇದನ್ನು ಒಂದೆರಡು ಸಲ ಕಂಡ ಮ್ಯಾನೇಜರ್ ಮುಂದಿನ ಸಲ ಹಳದಿಯನ್ನೇ ಆರಿಸಿಕೊಂಡರೆ ಅದನ್ನು ಪುಕ್ಕಲುತನವೆನ್ನಲು ನಾನು ತಯಾರಿಲ್ಲ. ತಂಡಕ್ಕೆ ಕೆಲಸ ಮಾಡಲು ನಾಲ್ಕು ದಿನ ಗಳಿಸಿಕೊಡುವ ಉಪಾಯ ಅದು. ಆ ನಾಲ್ಕು ದಿನಗಳ ಆತಂಕವನ್ನು ಮಾತ್ರ ಒಬ್ಬರು ಹೊತ್ತುಕೊಳ್ಳಬೇಕಾಗುತ್ತದೆ.

ಕೆಂಪಿನ ಇನ್ನೊಂದು ಪರಿಣಾಮ, ಬೇಡವೆಂದರೂ ಬರುವ ಸಹಾಯ. "ಇನ್ನೂ ಐದು ಜನರನ್ನು ಕೊಡುತ್ತೇವೆ, ಬೇಗ ಮುಗಿಸಿ" ಎನ್ನುವ ಔದಾರ್ಯಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸುವ ಮಾತು ನಮ್ಮ ವೃತ್ತಿಯಲ್ಲಿಲ್ಲ. ಐಬಿಎಂ ಕಂಪನಿಯ ಸಿಸ್ಟಮ್/360 ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ ತಯಾರಿಕೆಯ ಮುಂದಾಳತ್ವ ವಹಿಸಿದ್ದ ಫ್ರೆಡ್ ಬ್ರೂಕ್ಸ್, ಹಿಂದೆ ಬಿದ್ದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ಹಿಂದೆ ಬೀಳುತ್ತದೆಂದು 1975ರಲ್ಲೇ ಬರೆದರು. ಲೆಕ್ಕ ಸರಳವಾಗಿದೆ. ಐದು ಜನರ ತಂಡದಲ್ಲಿ ಒಬ್ಬರಿಗೊಬ್ಬರು ಮಾತಾಡಬೇಕಾದ ಜೋಡಿಗಳು 10. ಹತ್ತು ಜನರಾದರೆ ಅದು 20 ಅಲ್ಲ, 45. ಆ ಹೆಚ್ಚುವರಿ 35 ಜೋಡಿಗಳಲ್ಲಿ ಯಾರಿಗೆ ಯಾರು ಏನು ಹೇಳಲು ಮರೆತರೆಂಬುದನ್ನು ಹುಡುಕಿಕೊಂಡು ಹೋಗುವುದು ಯಾರ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ. ಹೊಸಬರಿಗೆ ಕೆಲಸ ಕಲಿಸಬೇಕಾದವರು ಹಳಬರೇ ಆದ್ದರಿಂದ ಮೊದಲ ತಿಂಗಳಂತೂ ನಷ್ಟವೇ. ಇದೆಲ್ಲ ತಿಳಿದೂ "ಬಹಳ ಉಪಕಾರವಾಯಿತು" ಎಂದು ಮೇಲ್ ಬರೆಯಬೇಕಾಗುತ್ತದೆ. ಸಹಾಯವನ್ನು ನಿರಾಕರಿಸಿದ ಮ್ಯಾನೇಜರನ ಪ್ರಾಜೆಕ್ಟ್ ಮುಂದೆ ತಡವಾದರೆ ಅವನಿಗೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ.

ಅಂದಾಜು

ತಡವಾಗುವುದಕ್ಕೆ ಯಾರದೋ ಸೋಮಾರಿತನ ಕಾರಣವೆಂದು ನಂಬುವುದು ಸುಲಭ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್‌ಸ್ಕಿ 1979ರಲ್ಲಿ ಇದಕ್ಕೆ ಬೇರೆಯದೇ ಕಾರಣ ಕೊಟ್ಟರು: ಮನುಷ್ಯರು ತಮ್ಮ ಕೆಲಸದ ಅವಧಿಯನ್ನು ಅಂದಾಜು ಮಾಡುವಾಗ ಹಿಂದಿನ ಇಂಥದೇ ಕೆಲಸಗಳು ಎಷ್ಟು ಹಿಡಿದವೆಂಬುದನ್ನು ಬದಿಗಿಟ್ಟು, ಈ ಸಲದ ಯೋಜನೆಯನ್ನಷ್ಟೇ ಕಣ್ಣೆದುರು ಇಟ್ಟುಕೊಳ್ಳುತ್ತಾರೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಅವರ ಪ್ರಬಂಧ ಮುಗಿಯಲು ಎಷ್ಟು ದಿನ ಬೇಕೆಂದು ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟದಾಗಿಯೇ ನಡೆದರೆ ಎಷ್ಟೆಂದು ಕೇಳಿದಾಗ ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55ಕ್ಕೂ ಹೆಚ್ಚು ದಿನ. ಅತಿ ಕೆಟ್ಟದ್ದನ್ನು ಊಹಿಸಿಕೊಂಡು ಹೇಳಿದ ಅವಧಿಯೂ ಸಾಲದೇ ಹೋಯಿತು. ಹುಡುಗರು ಮೂರು ದಿನವೆಂದರೆ ನಾನು ಮನಸ್ಸಿನಲ್ಲೇ ಐದೆಂದು ಬರೆದುಕೊಳ್ಳುವುದು ಅವರ ಮೇಲಿನ ಅಪನಂಬಿಕೆಯಿಂದಲ್ಲ. ಆದರೆ ಹಾಗೆ ಬರೆದುಕೊಂಡದ್ದು ಅವರಿಗೆ ತಿಳಿದರೆ ಬೇಸರಪಡುತ್ತಾರೆ, ಗ್ರಾಹಕರಿಗೆ ತಿಳಿದರೆ ಆ ಎರಡು ದಿನವನ್ನು ಕತ್ತರಿಸಿ ಹಾಕುತ್ತಾರೆ. ಹೀಗಾಗಿ ಇದೂ ಬಚ್ಚಿಟ್ಟುಕೊಳ್ಳಬೇಕಾದ ಇನ್ನೊಂದು ಸಂಗತಿಯಾಗುತ್ತದೆ.

ಹಾಸನದವರಿಗೆ ವಿಳಂಬದ ಬಗ್ಗೆ ಪಾಠ ಹೇಳಬೇಕಾದ್ದೇನೂ ಇಲ್ಲವೆನ್ನಿ. 1996-97ರಲ್ಲಿ ಮಂಜೂರಾದ ಹಾಸನ–ಬೆಂಗಳೂರು ರೈಲು ಮಾರ್ಗ ಪೂರ್ತಿಯಾಗಿ ತೆರೆದುಕೊಂಡದ್ದು 2017ರ ಮಾರ್ಚ್‌ನಲ್ಲಿ. ಸಕಲೇಶಪುರದ ಕಡೆಯ ಎತ್ತಿನಹೊಳೆ ಯೋಜನೆಯ ಅಂದಾಜು ವೆಚ್ಚ ಮೊದಲು 8,323 ಕೋಟಿ ರೂಪಾಯಿ ಇದ್ದದ್ದು, 12,912 ಕೋಟಿಯಾಗಿ, ಆಮೇಲೆ 23,251 ಕೋಟಿ ದಾಟಿತು. ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಗೌರಿ ಹಬ್ಬದ ದಿನ. ತಿಂಗಳಲ್ಲಿ ಕೆಲವು ಸಲ ಬೆಂಗಳೂರಿನ ಕಚೇರಿಗೆ ಇದೇ ಮಾರ್ಗದ ರೈಲಿನಲ್ಲಿ ಹೋಗುವಾಗ ಶ್ರವಣಬೆಳಗೊಳ ದಾಟುತ್ತಿದ್ದಂತೆ ನನಗೆ ಯೋಚನೆ ಬರುವುದುಂಟು: ಈ ಇಪ್ಪತ್ತು ವರ್ಷಗಳಲ್ಲಿ ವಾರ ವಾರವೂ ಯಾರೋ ಒಬ್ಬ ಎಂಜಿನಿಯರ್ ಇದರ ಪ್ರಗತಿಯ ವರದಿ ಬರೆದಿರಬೇಕು. ಭೂಸ್ವಾಧೀನ ಬಾಕಿ, ಹಣ ಬಿಡುಗಡೆ ಬಾಕಿ. ಅವುಗಳಲ್ಲಿ ಒಂದೂ ಆತನ ಕೈಯಲ್ಲಿರಲಿಲ್ಲ. ವರದಿಗೆ ಸಹಿ ಮಾತ್ರ ಆತನದೇ.

ರೈಟರ್ ಕೆಲಸ

ನಾನು ಏನು ಕೆಲಸ ಮಾಡುತ್ತೇನೆಂದು ಊರಿನಲ್ಲಿ ವಿವರಿಸುವುದು ಕಷ್ಟ. ಕೋಡ್ ಬರೆಯುತ್ತೀಯಾ ಎಂದರೆ ಇಲ್ಲ, ಲೆಕ್ಕ ನೋಡುತ್ತೀಯಾ ಎಂದರೆ ಅದೂ ಅಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ರಾತ್ರಿ ಹತ್ತಾದರೂ ನನ್ನ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡು, ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಲ್ಲಿ ಉಪಗ್ರಹ ಕಾಯುವವಳೆಂದು ಎಷ್ಟೋ ದಿನ ನಂಬಿದ್ದರು. ಆ ಗೌರವವನ್ನು ಕಳೆದುಕೊಳ್ಳಲು ಇಷ್ಟವಿಲ್ಲದೆ ನಾನೂ ಸುಮ್ಮನಿದ್ದೆ. ಒಂದೇ ಮಾತಿಗೆ ಅರ್ಥ ಮಾಡಿಕೊಂಡವರು ಅಪ್ಪ. "ನಂದೂ ಇದೇ ಕೆಲ್ಸ ಅಲ್ವೇನವ್ವ, ರೈಟರ್ ಕೆಲ್ಸ" ಎಂದರು. ಅವರು ಸಕಲೇಶಪುರದಾಚೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿ ನಿವೃತ್ತರಾದವರು. ಮೇಲೆ ಧಣಿಗಳು, ಕೆಳಗೆ ಮೇಸ್ತ್ರಿ ಮತ್ತು ಆಳುಗಳು. ನಡುವೆ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಹಿಡಿದು ನಿಂತ ಅಪ್ಪ.

ಡಿಸೆಂಬರಿನ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. ಅರೇಬಿಕಾ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಕಣದ ತುಂಬ ಕಾಫಿ ಹರಡಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲೆ ಘಾಟಿನ ಕಡೆಯಿಂದ ಮೋಡ ಏರತೊಡಗಿತು. ಅಪ್ಪ ಕೂಗು ಹಾಕಿದ್ದೇ ತಡ, ಕೊಯ್ಲಿನಲ್ಲಿದ್ದವರೂ ಬುಟ್ಟಿ ಬಿಟ್ಟು ಓಡಿಬಂದರು. ಗುಡ್ಡೆ ಮಾಡುವವರು ಮಾಡಿದರು, ಟಾರ್ಪಾಲು ಎಳೆಯುವವರು ಎಳೆದರು, ಶಾಲೆಯಿಂದ ಬಂದಿದ್ದ ನಾನೂ ಒಂದು ತುದಿ ಹಿಡಿದು ನಿಂತೆ. ಮಳೆ ಮೂರು ದಿನ ಬಿಡಲಿಲ್ಲ. ಗಿಡದಲ್ಲಿದ್ದ ಹಣ್ಣು ಒಡೆದು ಉದುರಿತು, ಕಣದಲ್ಲಿದ್ದದ್ದಕ್ಕೆ ಮುಗ್ಗು ಹಿಡಿಯಿತು. ಬೆಂಗಳೂರಿನಲ್ಲಿದ್ದ ಧಣಿಗಳು ಫೋನ್ ಮಾಡಿದಾಗ ಅಪ್ಪ ಹೇಳಿದ್ದು ಇಷ್ಟೇ: "ಮಳೆ ಹಿಡ್ಕೊಂಡೈತೆ ಬುದ್ಧಿ, ಕೊಯ್ಲು ಇನ್ನು ಹದಿನೈದು ದಿನ ಮುಂದಕ್ಕೆ ಹೋಗ್ತದೆ." ಆ ಕಡೆಯಿಂದ ಒಂದು ನಿಟ್ಟುಸಿರು ಬಂದಿರಬಹುದು; ಯಾಕೆ, ಏನು ಎಂಬ ಪ್ರಶ್ನೆ ಬರಲಿಲ್ಲ. ಮಳೆಯನ್ನು ಎಲ್ಲರೂ ಕಂಡಿದ್ದರು.

ನನ್ನ ಕೆಲಸದಲ್ಲಿ ಮಳೆ ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಸಿಕ್ಕ ಒಂದು ದೋಷದ ಹಿಂದೆ ಇನ್ನೂ ಹತ್ತಿವೆಯೆಂಬ ಗುಮಾನಿ, ಎರಡು ತಂಡಗಳು ಒಂದೇ ವಿಷಯವನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿವೆಯೆಂಬ ಸಂಶಯ, ಮೊದಲು ಚುರುಕಾಗಿದ್ದ ಒಬ್ಬಳು ಇತ್ತೀಚೆಗೆ ಮೀಟಿಂಗಿನಲ್ಲಿ ಮಾತೇ ಆಡುತ್ತಿಲ್ಲವೆಂಬ ಗಮನಿಕೆ. ಇವುಗಳನ್ನು ಯಾರಿಗೂ ತೋರಿಸಲಾಗದು. ನಾನು ಬಾಯಿಬಿಟ್ಟು ಹೇಳಿದ ದಿನವೇ ತೊಂದರೆ ಹುಟ್ಟಿದ ದಿನವೆಂದು ಲೆಕ್ಕವಾಗುತ್ತದೆ, ಮತ್ತು ಹೇಳಿದವಳೇ ಅದನ್ನು ತಂದವಳೆಂಬ ಭಾವನೆ ಕೇಳುವವರಲ್ಲಿ ಬೇಡವೆಂದರೂ ಮೂಡುತ್ತದೆ.

ಹಾಗೆಂದು ಅಪ್ಪನ ಕೆಲಸ ನೆಮ್ಮದಿಯದಾಗಿತ್ತೆಂದು ನಾನು ಹೇಳುವುದಿಲ್ಲ. ಮಳೆಯ ವಿಷಯದಲ್ಲಿ ಅವರು ನಿರಾಳವಾಗಿದ್ದರು. ಆಳುಗಳ ವಿಷಯದಲ್ಲಿ ಅಲ್ಲ. ಮುಂಗಡ ತೆಗೆದುಕೊಂಡವರು ಸಂಕ್ರಾಂತಿಗೆ ಊರಿಗೆ ಹೋಗಿ ಬಾರದಿದ್ದರೆ ಅದಕ್ಕೆ ಜವಾಬು ರೈಟರೇ ಕೊಡಬೇಕಿತ್ತು. ಪಕ್ಕದ ತೋಟದಲ್ಲಿ ಕೂಲಿ ಹೆಚ್ಚು ಕೊಟ್ಟು ಕರೆದುಕೊಂಡರೆ ಅದೂ ರೈಟರ ತಲೆಗೇ ಬರುತ್ತಿತ್ತು. ಕೂಲಿ ನಿಗದಿ ಮಾಡುವ ಅಧಿಕಾರ ಅವರಿಗಿರಲಿಲ್ಲ. ಅವರ ರಕ್ತದೊತ್ತಡದ ಮಾತ್ರೆ ಶುರುವಾದದ್ದು ಒಂದು ಕೊಯ್ಲಿನ ಕಾಲದಲ್ಲೇ. ಕರಾಸೆಕ್ ಹೇಳಿದ್ದನ್ನು ಅವರು ಓದಿರಲಿಲ್ಲವಾದರೂ ಅದರೊಳಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು.

ರಾತ್ರಿಯ ಕಾಲ್

ವಿಶ್ವ ಆರೋಗ್ಯ ಸಂಸ್ಥೆ ಕೆಲಸದಿಂದ ಬರುವ ಬಳಲಿಕೆಯನ್ನು, ಅಂದರೆ ಎಲ್ಲರೂ ಬರ್ನ್‌ಔಟ್ ಎನ್ನುವುದನ್ನು, 2019ರಲ್ಲಿ ವಿವರಿಸುವಾಗ ಅದನ್ನು ಕಾಯಿಲೆಯೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಕರೆಯಿತು. ಅದು ಹೇಳಿದ ಮೂರು ಲಕ್ಷಣಗಳಲ್ಲಿ ಸುಸ್ತು ಒಂದು, ಕೆಲಸದ ಸಾಮರ್ಥ್ಯ ಕುಗ್ಗುವುದು ಇನ್ನೊಂದು. ನನಗೆ ದಿಗಿಲು ಹುಟ್ಟಿಸಿದ್ದು ಮತ್ತೊಂದು ಲಕ್ಷಣ: ಕೆಲಸದಿಂದ ಮನಸ್ಸು ದೂರ ಸರಿಯುವುದು, ಎಲ್ಲದರ ಬಗ್ಗೆಯೂ ಒಂದು ಬಗೆಯ ಸಿನಿಕತನ. ಸುಸ್ತನ್ನು ಭಾನುವಾರದ ನಿದ್ದೆ ಅಷ್ಟಿಷ್ಟು ಸರಿಪಡಿಸುತ್ತದೆ. ಆದರೆ ತಂಡದವರು ತಮ್ಮ ಕಷ್ಟ ಹೇಳಿಕೊಳ್ಳುವಾಗ ಕಿವಿ ಅವರ ಕಡೆಗಿದ್ದು ಕಣ್ಣು ವೇಳಾಪಟ್ಟಿಯ ಕಡೆಗೆ ಹೊರಳತೊಡಗಿದರೆ ಅದಕ್ಕೆ ಔಷಧಿ ಸುಲಭವಲ್ಲ.

ನಮ್ಮ ವಾರದ ಕಾಲ್ ರಾತ್ರಿ ಎಂಟೂವರೆಗೆ ಇತ್ತು, ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ಬೆಳಗಿನ ಹನ್ನೊಂದು. ನವೆಂಬರಿನ ಮೊದಲ ಭಾನುವಾರ ಅವರು ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟ ಮೇಲೆ ನಮಗೆ ಅದು ಒಂಬತ್ತೂವರೆಯಾಗುತ್ತಿತ್ತು. ಮಾರ್ಚಿನ ಎರಡನೇ ಭಾನುವಾರದವರೆಗೆ ಹಾಗೆಯೇ. ಹಾಸನದ ಚಳಿಯ ತಿಂಗಳುಗಳಲ್ಲಿ ಮನೆಯವರೆಲ್ಲ ಹೊದ್ದು ಮಲಗಿದ ಮೇಲೆ ಬಾಗಿಲು ಮುಚ್ಚಿಕೊಂಡು ದನಿ ತಗ್ಗಿಸಿ ಮಾತಾಡುವುದು, ಮಳೆಗಾಲದಲ್ಲಿ ಕರೆಂಟು ಹೋದರೆ ಯುಪಿಎಸ್ ಎಷ್ಟು ಹೊತ್ತು ಬಾಳುತ್ತದೆಂದು ನೋಡುತ್ತಲೇ ಮಾತು ಮುಗಿಸುವುದು, ಹತ್ತೂವರೆಗೆ ಮುಗಿದ ಮೇಲೂ ಹನ್ನೆರಡರವರೆಗೆ ತಲೆಯೊಳಗೆ ಅದೇ ಮಾತು ಮುಂದುವರಿಯುವುದು. ಇದನ್ನು ಈ ಕೆಲಸದ ಜೊತೆಗೇ ಬಂದದ್ದೆಂದು ನಾನು, ನನಗಿಂತ ಮೊದಲಿದ್ದವರು, ಅವರಿಗಿಂತ ಮೊದಲಿದ್ದವರು ಒಪ್ಪಿಕೊಂಡು ಬಂದಿದ್ದೆವು. ಆ ಸಮಯವನ್ನು ಗೊತ್ತು ಮಾಡಿದವರು ಯಾರೆಂದು ಹುಡುಕಿದರೆ ಯಾರೂ ಸಿಗಲಿಲ್ಲ.

ಅಪ್ಪನ ಮಾತ್ರೆಯ ನೆನಪಾಗಿಯೋ ಏನೋ, ನನ್ನ ಕೈಯಲ್ಲಿ ನಿಜವಾಗಿ ಏನೇನಿದೆಯೆಂದು ಒಂದು ದಿನ ಪಟ್ಟಿ ಮಾಡಿದೆ. ಬಹಳ ಚಿಕ್ಕ ಪಟ್ಟಿ. ತಾರೀಖು ಅದರಲ್ಲಿರಲಿಲ್ಲ, ಜನರಿರಲಿಲ್ಲ, ಹಣವಿರಲಿಲ್ಲ. ಹಳದಿಯ ಪಕ್ಕದ ಖಾನೆ ಇತ್ತು. ಈಗ ಅದರಲ್ಲಿ, ಯಾವುದು ತಿಳಿದಿಲ್ಲ, ಯಾರ ತೀರ್ಮಾನಕ್ಕೆ ಕಾಯುತ್ತಿದ್ದೇವೆ, ಯಾವ ದಿನದೊಳಗೆ ಅದು ಸಿಗದಿದ್ದರೆ ಸಾಲು ಕೆಂಪಾಗುತ್ತದೆ ಎಂಬಷ್ಟನ್ನು ಬರೆಯುತ್ತೇನೆ. ಹೆಸರು ಬರೆದ ಕೂಡಲೇ ಕೆಲವರಿಗೆ ಕೋಪ ಬರುತ್ತದೆ, ಕೆಲವು ತೀರ್ಮಾನಗಳು ಬೇಗ ಬರುತ್ತವೆ. ಪಟ್ಟಿಯಲ್ಲಿದ್ದ ಇನ್ನೊಂದು, ಕಾಲ್‌ನ ಸಮಯ. ಸಂಜೆ ಏಳಕ್ಕೆ ಇಟ್ಟುಕೊಳ್ಳಬಹುದೇ ಎಂದು ಗ್ರಾಹಕರ ಕಡೆಯ ಮ್ಯಾನೇಜರಿಗೆ ಒಂದು ಸಾಲಿನ ಮೇಲ್ ಹಾಕಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ತಮಗೆ ಆಗ ಬೆಳಗಿನ ಒಂಬತ್ತೂವರೆ, ಅದೇ ಹೆಚ್ಚು ಅನುಕೂಲ, ಹನ್ನೊಂದು ಗಂಟೆ ಭಾರತದವರಿಗೆ ಬೇಕಾಗಿದೆಯೆಂದು ಇಷ್ಟು ದಿನ ತಿಳಿದಿದ್ದೆವು. ಅಂದಿನಿಂದ ಕಾಲ್ ಏಳಕ್ಕೆ ನಡೆಯುತ್ತಿದೆ. ನವೆಂಬರಿನಲ್ಲಿ ಅದು ಎಂಟಾಗುತ್ತದೆ.